ಚಳಿ ಎಂದವರನ್ನು ನಂಬುತ್ತೀರಾ?

ಏಪ್ರಿಲ್, ಮೇ ತಿಂಗಳ ಸೆಖೆ ನಮ್ಮ ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಹೊಸದಲ್ಲ. ಭಾನುವಾರದ ಪೂಜೆಗೆ ಬಂದವರು ಮೊದಲು ಹುಡುಕುವುದು ಫ್ಯಾನಿನ ಕೆಳಗಿನ ಬೆಂಚನ್ನು. ಇಂಥ ಊರಿನಲ್ಲಿ ಒಬ್ಬ ಹೆಂಗಸು ಫ್ಯಾನು ಬೇಡವೆಂದು ಗೋಡೆಯ ಬದಿಗೆ ಸರಿದು, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕುಳಿತರೆ ನೀವು ಏನೆಂದುಕೊಳ್ಳುತ್ತೀರಿ? ಮನೆಯಲ್ಲಿ ಸೊಸೆ ಮಧ್ಯಾಹ್ನವೂ ಕಂಬಳಿ ಹೊದ್ದರೆ ಏನನ್ನುತ್ತೀರಿ? "ಇವಳದ್ದೊಂದು ನಾಟಕ" ಎನ್ನುವವರಿದ್ದಾರೆ. "ಕೆಲಸ ಮಾಡಿದರೆ ಮೈ ತಾನಾಗಿಯೇ ಬಿಸಿಯಾಗುತ್ತದೆ" ಎನ್ನುವವರೂ ಇದ್ದಾರೆ. ಹೇಳಿದ್ದು ಎರಡೇ ಮಾತು. ಆದರೆ ಕೇಳಿದವಳು ಅದನ್ನು ವರ್ಷಗಟ್ಟಲೆ ಹೊತ್ತು ತಿರುಗುತ್ತಾಳೆ.

ಸದಾ ಕೈಕಾಲು ತಣ್ಣಗಿರುವುದಕ್ಕೆ ಕಾರಣಗಳು ಹಲವು. ರಕ್ತಹೀನತೆ ಇರಬಹುದು, ರಕ್ತಸಂಚಾರದ ತೊಂದರೆ ಇರಬಹುದು. ಬಹಳ ಸಲ ಸಿಗುವ ಕಾರಣವೆಂದರೆ ಥೈರಾಯ್ಡ್. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಈ ಸಣ್ಣ ಗ್ರಂಥಿ ಇದೆ. ಅದು ಸ್ರವಿಸುವ ಹಾರ್ಮೋನು ನಮ್ಮ ಮೈಯ ಒಲೆಗೆ ಗಾಳಿ ಊದುವ ಊದುಗೊಳವೆಯಿದ್ದ ಹಾಗೆ. ಅದು ಕಡಿಮೆಯಾದರೆ ಉಂಡ ಅನ್ನ ಸರಿಯಾಗಿ ಶಕ್ತಿಯಾಗುವುದಿಲ್ಲ, ಶಾಖವೂ ಹುಟ್ಟುವುದಿಲ್ಲ. ಇದ್ದಷ್ಟು ಶಾಖವನ್ನು ಒಳಗಿನ ಅಂಗಗಳಿಗೆ ಉಳಿಸಲು ಶರೀರ ಚರ್ಮದ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಕೈಕಾಲು ತಣ್ಣಗಾಗುವುದು ಹೀಗೆ. ಜೊತೆಗೆ ಆಯಾಸ, ಮೈ ಭಾರ, ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನಲ್ಲಿ ಏರುಪೇರು, ಮರೆವು, ಮನಸ್ಸಿಗೆ ಮಂಕು. ಇವು ಒಟ್ಟಾಗಿ ಬಂದಾಗ ಹೊರಗಿನಿಂದ ನೋಡುವವರಿಗೆ ಕಾಣಿಸುವುದು ರೋಗವಲ್ಲ, ಸೋಮಾರಿತನ.

ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರು, ಗೋವಾ ಸೇರಿ ದೇಶದ 8 ಕಡೆ 5,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರಂತೆ ನೂರರಲ್ಲಿ ಸುಮಾರು 11 ಮಂದಿಗೆ ಥೈರಾಯ್ಡ್ ಕೊರತೆಯಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಬಹಳ ಹೆಚ್ಚು. "ನಾವು ಕಡಲತಡಿಯವರು, ಮೀನು ತಿನ್ನುವವರು, ಸಾಣಿಕಟ್ಟೆಯ ಹರಳುಪ್ಪು ಬಳಸುವವರು, ನಮಗೆಲ್ಲಿಯ ಥೈರಾಯ್ಡ್?" ಎಂದು ಕೇಳುವವರುಂಟು. ಮೀನಿನಲ್ಲಿ ಅಯೋಡಿನ್ ಇದೆ, ನಿಜ. ಆದರೆ ಸಮುದ್ರದ ನೀರಿನಿಂದ ಮಾಡಿದ ಮಾತ್ರಕ್ಕೆ ಉಪ್ಪಿನಲ್ಲಿ ಅಯೋಡಿನ್ ಇರುವುದಿಲ್ಲ. ಬೆರೆಸಿದರೆ ಮಾತ್ರ ಬೇಕಾದಷ್ಟು ಇರುತ್ತದೆ. ಇನ್ನೊಂದು ಮಾತು: ಅಯೋಡಿನ್ ಸಾಕಷ್ಟು ಸಿಗುವ ಕಡೆಯಲ್ಲೂ ಈ ರೋಗ ಬರುತ್ತದೆ. ಶರೀರದ ರಕ್ಷಣಾಶಕ್ತಿಯೇ ತಪ್ಪಿ ತನ್ನ ಗ್ರಂಥಿಯ ಮೇಲೆ ಬೀಳುತ್ತದೆ. ಅದಕ್ಕೆ ಉಣ್ಣುವವರ ತಪ್ಪೂ ಇಲ್ಲ, ಬಡಿಸುವವರ ತಪ್ಪೂ ಇಲ್ಲ.

ಹಿಂದಿನ ಕಾಲದವರಿಗೆ ಈ ರೋಗದ ಹೆಸರೇ ಗೊತ್ತಿರಲಿಲ್ಲ. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ವಯಸ್ಕ ಸ್ತ್ರೀಯರಲ್ಲಿ ಕಂಡ ಈ ಸ್ಥಿತಿಯನ್ನು ವಿವರಿಸಿದರು. 1891ರಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡಿನ ಸಾರವನ್ನು ಒಬ್ಬ ರೋಗಿಗೆ ಚುಚ್ಚಿದರು. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದಳು. 1914ರ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನವೇ, ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಹಾರ್ಮೋನನ್ನು ಶುದ್ಧ ಹರಳುಗಳಾಗಿ ಬೇರ್ಪಡಿಸಿದರು. ಈಗ ಆ ಹಾರ್ಮೋನು ಸಣ್ಣ ಮಾತ್ರೆಯಾಗಿ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಔಷಧ ಇಷ್ಟು ಹತ್ತಿರ ಬಂದಿದೆ. ನಮ್ಮ ನಂಬಿಕೆ ಮಾತ್ರ ಇನ್ನೂ ದೂರದಲ್ಲಿದೆ.

ಪ್ರಿಯರೇ, ನಮ್ಮ ಪ್ರಶ್ನೆ ಇರುವುದು ಇಲ್ಲಿಯೇ. ಇನ್ನೊಬ್ಬರ ಚಳಿಯನ್ನು ನಂಬಲು ನಮಗೇಕೆ ಇಷ್ಟು ಕಷ್ಟ? ನಾವು ನಮ್ಮ ಮೈಯನ್ನೇ ಅಳತೆಗೋಲು ಮಾಡಿಕೊಂಡಿದ್ದೇವೆ. ನನಗೆ ಬೆವರುತ್ತಿದೆ, ಆದ್ದರಿಂದ ನಿನಗೂ ಸೆಖೆಯಾಗಬೇಕು. ನಾನು ಐದಕ್ಕೆ ಏಳುತ್ತೇನೆ, ಆದ್ದರಿಂದ ನಿನಗೂ ಆಗಬೇಕು. ಆದರೆ ಒಬ್ಬರ ನೋವನ್ನು ಇನ್ನೊಬ್ಬರು ಅನುಭವಿಸಲು ಆಗುವುದಿಲ್ಲ, ನಂಬಲು ಮಾತ್ರ ಆಗುತ್ತದೆ. ಕಾಣದ ದೇವರನ್ನು ನಂಬುತ್ತೇವೆ ಎನ್ನುವ ನಾವು ಕಣ್ಣೆದುರಿಗಿರುವ ಹೆಂಡತಿಯ, ಸೊಸೆಯ, ತಾಯಿಯ ಮಾತನ್ನು ನಂಬದಿದ್ದರೆ ಹೇಗೆ?

"ಸೋಮಾರಿತನ ಪಾಪವಲ್ಲವೇ? ಏಳು ಮೂಲ ಪಾಪಗಳಲ್ಲಿ ಅದೂ ಒಂದಲ್ಲವೇ?" ಎಂದು ನೀವು ಕೇಳಬಹುದು. ಹೌದು. ಆದರೆ ಸಂತ ತೋಮಾಸ್ ಅಕ್ವಿನಾಸರು ಈ ಪಾಪವನ್ನು ವಿವರಿಸುವಾಗ ಮೈಯ ಆಯಾಸದ ಮಾತಾಡುತ್ತಿಲ್ಲ. ದೇವರು ಕೊಡುವ ಒಳಿತಿನ ಬಗ್ಗೆಯೇ ಮನಸ್ಸು ಬೇಸರಪಟ್ಟು ಅದರಿಂದ ಹಿಂಜರಿಯುವುದು ಅವರು ಹೇಳುವ ಪಾಪ. ಪಾಪಕ್ಕೆ ಮನಸ್ಸಿನ ಒಪ್ಪಿಗೆ ಬೇಕು. ಏಳಬೇಕೆಂದು ಮನಸ್ಸಿದ್ದೂ ಕಾಲು ಏಳದಿದ್ದರೆ ಅಲ್ಲಿ ಒಪ್ಪಿಗೆ ಎಲ್ಲಿದೆ? ಯೋಬನ ಗೆಳೆಯರನ್ನು ನೆನಪು ಮಾಡಿಕೊಳ್ಳಿ. ಏಳು ದಿನ ಮಾತಾಡದೆ ಅವನ ಪಕ್ಕದಲ್ಲಿ ಕುಳಿತಾಗ ಅವರು ಒಳ್ಳೆಯ ಗೆಳೆಯರೇ ಆಗಿದ್ದರು. ನಿನ್ನ ತಪ್ಪಿನಿಂದಲೇ ಈ ಕಷ್ಟ ಎಂದು ವಾದ ಹೂಡಿದ ಮೇಲೆ ಅವರು ದೇವರ ಕೋಪಕ್ಕೆ ಗುರಿಯಾದರು.

ಹಾಗಾದರೆ ಚಳಿ ಎಂದವರೆಲ್ಲ ರೋಗಿಗಳೇ? ಕೆಲಸ ತಪ್ಪಿಸುವವರು ಇಲ್ಲವೇ ಇಲ್ಲವೇ? ಇದ್ದಾರೆ. ಆದರೆ ಎರಡು ತಪ್ಪುಗಳನ್ನು ತೂಗಿ ನೋಡಿ. ಸುಳ್ಳು ಹೇಳಿದವಳನ್ನು ನಂಬಿದರೆ ನಮಗಾಗುವ ನಷ್ಟ ಒಂದು ರಕ್ತಪರೀಕ್ಷೆಯ ಹಣ. ನಿಜ ಹೇಳಿದವಳನ್ನು ನಂಬದಿದ್ದರೆ ಅವಳಿಗಾಗುವ ನಷ್ಟ ವರ್ಷಗಳ ಆರೋಗ್ಯ. ಗರ್ಭಿಣಿಯಾಗಿದ್ದರೆ ಹೊಟ್ಟೆಯೊಳಗಿನ ಮಗುವಿನ ಮಿದುಳಿನ ಬೆಳವಣಿಗೆಗೂ ಅಪಾಯ. ಆದ್ದರಿಂದ ಮೊದಲು ನಂಬಿ, ಆಮೇಲೆ ಪರೀಕ್ಷಿಸಿ. ಟಿಎಸ್‌ಎಚ್ ಎಂಬ ಪರೀಕ್ಷೆಗೆ ಸ್ವಲ್ಪ ರಕ್ತ ಕೊಟ್ಟರೆ ಸಾಕು. ದೊಡ್ಡ ಕಾಯಿಲೆಗಳಿಗೆ ನಾವು ಮಣಿಪಾಲಕ್ಕೋ ಮಂಗಳೂರಿಗೋ ರೈಲು ಹತ್ತುತ್ತೇವೆ. ಈ ಮೊದಲ ಹೆಜ್ಜೆಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ಸಂತ ತೋಮಾಸರು ಮುಟ್ಟಿ ನೋಡಿದ ಹೊರತು ನಂಬೆನೆಂದರು. ನಾವು ಎಷ್ಟೋ ಸಲ ಮುಟ್ಟಿಯೂ ನೋಡುವುದಿಲ್ಲ. ಪೂಜೆಯಲ್ಲಿ ಶಾಂತಿ ಹಾರೈಸುವಾಗ ಕೈಮುಗಿಯುತ್ತೇವೆ, ಅದು ಸರಿ. ಮನೆಗೆ ಬಂದ ಮೇಲಾದರೂ ಒಮ್ಮೆ ಆ ಕೈಯನ್ನು ಹಿಡಿದು ನೋಡಿ. ತಣ್ಣಗಿದ್ದರೆ ನಿಮಗೇ ತಿಳಿಯುತ್ತದೆ. ಮುಟ್ಟಿದಾಗ ಬೆಚ್ಚಗಿದ್ದರೂ ಒಳಗೆ ಚಳಿ ಎನ್ನುವವರಿದ್ದಾರೆ, ಅದನ್ನೂ ನಂಬಿ. ಗಂಡ ಗಲ್ಫ್‌ನಲ್ಲಿದ್ದರೆ ಕೈ ಹಿಡಿಯಲಾಗದು. ಆದರೆ ಫೋನಿನಲ್ಲಿ "ಡಾಕ್ಟರಿಗೆ ತೋರಿಸಿದೆಯಾ?" ಎಂದು ಕೇಳಬಹುದು, ಅಮ್ಮನಿಗೂ ಒಂದು ಮಾತು ಹೇಳಬಹುದು.

ಇನ್ನು ಈ ತೊಂದರೆ ಇರುವವರಿಗೆ ಎರಡು ಮಾತು. "ದೇವರು ಕೊಟ್ಟ ಶಿಲುಬೆ, ಸಹಿಸುತ್ತೇನೆ" ಎಂದು ಸುಮ್ಮನಿರಬೇಡಿ. ಗುಣಪಡಿಸಬಹುದಾದ ನೋವನ್ನು ಸುಮ್ಮನೆ ಹೊರುವುದು ತ್ಯಾಗವಲ್ಲ. ಆರೋಗ್ಯ ದೇವರು ನಮ್ಮ ವಶಕ್ಕೆ ಕೊಟ್ಟ ವರ, ಅದನ್ನು ಜೋಪಾನ ಮಾಡಬೇಕೆಂಬುದು ಧರ್ಮಸಭೆಯ ಬೋಧನೆ. ಸಂತ ಪೌಲರು ಸೆರೆಮನೆಯಲ್ಲಿದ್ದಾಗ, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತರುವಂತೆ ತಿಮೊಥೇಯನಿಗೆ ಬರೆದರು. ಚಳಿಗಾಲಕ್ಕೆ ಮೊದಲೇ ಬಾ ಎಂದೂ ಕೇಳಿಕೊಂಡರು. ಅಂಥ ವಿಶ್ವಾಸಿಗೇ ಹೊದಿಕೆ ಕೇಳಲು ನಾಚಿಕೆಯಾಗಲಿಲ್ಲ. ನಿಮಗೇಕೆ ನಾಚಿಕೆ?

ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಳ್ಳಬೇಕು. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಚಹಾ, ತಿಂಡಿ ಬೇಡ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಪೂಜೆಗೆ ಹೋಗುವ ದಿನ ಮಾತ್ರೆ ನುಂಗಿದರೆ ಪರಮಪ್ರಸಾದದ ಉಪವಾಸ ಮುರಿಯುತ್ತದೆ ಎಂಬ ಅಂಜಿಕೆ ಬೇಡ. ಧರ್ಮಸಭೆಯ ಕಾನೂನಿನಂತೆ ನೀರು ಮತ್ತು ಔಷಧಕ್ಕೆ ಆ ಒಂದು ಗಂಟೆಯ ಉಪವಾಸ ಅನ್ವಯಿಸುವುದಿಲ್ಲ. ಗುಣ ಕಾಣಲು ವಾರಗಳೇ ಬೇಕು. ಆರರಿಂದ ಎಂಟು ವಾರಗಳ ಬಳಿಕ ಮತ್ತೆ ರಕ್ತ ಪರೀಕ್ಷಿಸುತ್ತಾರೆ. ಬೇಗ ಗುಣವಾಗಲೆಂದು ನೀವೇ ಮಾತ್ರೆ ಹೆಚ್ಚಿಸಿದರೆ ಹೃದಯಕ್ಕೂ ಎಲುಬಿಗೂ ಕೇಡು. ಅಲ್ಲಿಯವರೆಗೆ ಕಾಲುಚೀಲ, ಬಚ್ಚಲ ಒಲೆಯ ಬಿಸಿನೀರು, ಸ್ವಲ್ಪ ನಡಿಗೆ ಸಹಾಯಕ್ಕೆ ಬರುತ್ತವೆ. ಸಕ್ಕರೆ ಕಾಯಿಲೆಯವರು ಬಿಸಿನೀರಿನ ಚೀಲ ಬಳಸುವಾಗ ಜಾಗ್ರತೆ. ಸ್ಪರ್ಶ ತಿಳಿಯದೆ ಕಾಲು ಸುಡುತ್ತದೆ. ರಕ್ತಪರೀಕ್ಷೆ ಸರಿ ಬಂದ ಮೇಲೂ ಚಳಿ ಹೋಗದಿದ್ದರೆ ಬೇರೆ ಕಾರಣ ಹುಡುಕುವಂತೆ ವೈದ್ಯರನ್ನು ಕೇಳಿ.

ಜಗದ್ಗುರು ಎರಡನೇ ಜಾನ್ ಪಾಲರು 1992ರಲ್ಲಿ ವಿಶ್ವ ರೋಗಿಗಳ ದಿನವನ್ನು ಸ್ಥಾಪಿಸಿದರು. 1993ರಿಂದ ಪ್ರತಿ ವರ್ಷ ಫೆಬ್ರವರಿ 11ರಂದು ಅದನ್ನು ಆಚರಿಸುತ್ತೇವೆ. ಆಸ್ಪತ್ರೆಯ ಹಾಸಿಗೆಯಲ್ಲಿರುವವರಿಗೆ ಹಣ್ಣು ಕೊಟ್ಟು ಬರುತ್ತೇವೆ, ಒಳ್ಳೆಯದು. ಆದರೆ ಹಾಸಿಗೆ ಹಿಡಿಯದ ರೋಗಿಗಳೂ ಇದ್ದಾರೆ. ಅವರು ನಮ್ಮ ಅಡುಗೆಮನೆಯಲ್ಲಿ ಗಂಜಿ ಬೇಯಿಸುತ್ತಾರೆ, ಮೀನು ತೊಳೆಯುತ್ತಾರೆ, ತಣ್ಣೀರಿಗೆ ಕೈಯಿಟ್ಟಾಗ ಒಳಗೊಳಗೇ ನಡುಗುತ್ತಾರೆ. ಇಂದು ಸಂಜೆ ಆ ಪಾತ್ರೆಗಳನ್ನು ನೀವು ತೊಳೆಯಿರಿ. ನಾಳೆ ಬೆಳಿಗ್ಗೆ ಅವರನ್ನು ಡಾಕ್ಟರ ಬಳಿಗೆ ಕರೆದೊಯ್ಯಿರಿ.