ನೆರಳಿನ ಲೆಕ್ಕವೂ ಭೇದದ ಸತ್ಯವೂ

ಊರಿನ ಉದ್ಯಾನಗಳ ಒಟ್ಟು ವಿಸ್ತೀರ್ಣವನ್ನು ಜನಸಂಖ್ಯೆಯಿಂದ ಭಾಗಿಸಿ, ತಲೆಗೆ ಇಷ್ಟು ಹಸಿರು ಎಂದು ಹೇಳುವುದು ನಗರಯೋಜಕರ ಹಳೆಯ ಪದ್ಧತಿ. ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯೂ ತಲೆಗೆ 10ರಿಂದ 12 ಚದರ ಮೀಟರು ಬಯಲುಜಾಗವನ್ನು ಸೂಚಿಸುತ್ತದೆ. ಶ್ರೀಮದಾಚಾರ್ಯರ ಅನುಯಾಯಿಗಳಾದ ನಮಗೆ ಈ ಲೆಕ್ಕದ ಕೊರತೆ ಕೂಡಲೇ ಕಾಣಬೇಕು. ಜೀವರು ಪರಸ್ಪರ ಭಿನ್ನರು, ಆ ಭೇದವು ಸತ್ಯ. ದೇವದತ್ತನು ಉಂಡರೆ ಯಜ್ಞದತ್ತನ ಹಸಿವು ತೀರದು. ಸರಾಸರಿಯಾದರೋ ಇಬ್ಬರೂ ಅರ್ಧರ್ಧ ಉಂಡರೆಂದು ಬರೆದುಕೊಳ್ಳುತ್ತದೆ.

ನಾವು ನೆಲೆಸಿರುವ ಚೆನ್ನೈಯನ್ನೇ ನೋಡೋಣ. ದಕ್ಷಿಣದಲ್ಲಿ ಗಿಂಡಿ ರಾಷ್ಟ್ರೀಯ ಉದ್ಯಾನವೊಂದೇ ಸುಮಾರು 270 ಹೆಕ್ಟೇರು. ಉತ್ತರದಲ್ಲಿ, ರಾಯಪುರದ ಮಗ್ಗುಲಲ್ಲಿ, ಮೀನುಗಾರರ ಕಾಸಿಮೇಡು: ಒತ್ತೊತ್ತಾದ ಮನೆಗಳು, ಮೀನುಗಾರಿಕಾ ಬಂದರು, ಕಂಟೇನರ್ ಲಾರಿಗಳು ಓಡುವ ಎಣ್ಣೂರು ರಸ್ತೆ. ಅವರಿಗೆ ಕಡಲತೀರವಿದೆಯಲ್ಲ ಎನ್ನಬಹುದು. 19ನೆಯ ಶತಮಾನದ ಕೊನೆಯಲ್ಲಿ ಬಂದರಿನ ಗೋಡೆಗಳು ಎದ್ದ ಮೇಲೆ, ದಕ್ಷಿಣದಿಂದ ಉತ್ತರಕ್ಕೆ ಸಾಗುವ ಮರಳು ಅಲ್ಲಿಯೇ ತಡೆಯಿತು. ಮರೀನಾ ವಿಶಾಲವಾಯಿತು, ರಾಯಪುರದ ತೀರವನ್ನು ಕಡಲು ಕೊರೆಯಿತು. ಈಗ ಅಲ್ಲಿರುವುದು ಬಂಡೆಗಳ ತಡೆಗೋಡೆ. ಒಬ್ಬರಿಗೆ ಒದಗಿದ ಮರಳು ಮತ್ತೊಬ್ಬರಿಗೆ ತಲುಪಬೇಕಾಗಿದ್ದುದು. ಊರಿನ ಒಟ್ಟು ಲೆಕ್ಕದಲ್ಲಿ ಈ ನಷ್ಟ ಕಾಣುವುದೇ ಇಲ್ಲ.

ನಗರಾರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ ಅವರು 2021ರಲ್ಲಿ ಬೇರೊಂದು ಅಳತೆಯನ್ನು ಮುಂದಿಟ್ಟರು. ಪ್ರತಿಯೊಂದು ಮನೆಯಿಂದಲೂ 3 ಮರಗಳು ಕಾಣಬೇಕು. ಬಡಾವಣೆಯ ಶೇಕಡಾ 30 ಭಾಗಕ್ಕೆ ಮರಗಳ ಚಪ್ಪರವಿರಬೇಕು. 300 ಮೀಟರಿನೊಳಗೆ ಹಸಿರು ತಾಣ ಸಿಗಬೇಕು. ಇದು ಒಂದೊಂದು ಬಾಗಿಲಿನಲ್ಲಿ ನಿಂತು ಕೇಳುವ ಪ್ರಶ್ನೆ. ಆ 300 ಮೀಟರನ್ನೂ ನಕ್ಷೆಯ ಗೆರೆಯಿಂದ ಅಳೆಯದೆ, ವೃದ್ಧೆಯೊಬ್ಬಳು ಲಾರಿಗಳ ನಡುವೆ ದಾಟಬೇಕಾದ ದಾರಿಯಿಂದ ಅಳೆಯುವುದು ನ್ಯಾಯ. ತಮಿಳುನಾಡಿನ 2019ರ ಕಟ್ಟಡ ನಿಯಮಗಳು 10,000 ಚದರ ಮೀಟರು ಮೀರಿದ ನಿವೇಶನಗಳಲ್ಲಿ ಶೇಕಡಾ 10 ಭಾಗವನ್ನು ಸಾರ್ವಜನಿಕ ಬಯಲಿಗೆ ಬಿಡಿಸುತ್ತವೆ. ತುಂಡು ನಿವೇಶನಗಳ ಹಳೆಯ ಕೇರಿಗಳಿಗೆ ಅದರಿಂದ ಬರುವುದೇನು?

ತಾರತಮ್ಯವು ನಮ್ಮ ಸಿದ್ಧಾಂತವೇ ಅಲ್ಲವೇ, ನೆರಳಿನಲ್ಲಿಯೂ ಅದಿದ್ದರೆ ದೋಷವೇನು ಎಂದು ಕೆಲವರು ಕೇಳಿಯಾರು. ಜೀವರ ತಾರತಮ್ಯವು ಸ್ವರೂಪಸಿದ್ಧ, ಶ್ರೀಹರಿಯ ಅಧೀನ. ಯಾವ ಬೀದಿಗೆ ಸಸಿ, ಯಾವ ಬೀದಿಗೆ ಲಾರಿ ಎಂಬುದು ಕಚೇರಿಯ ಮೇಜಿನ ಮೇಲೆ ಆಗುವ ತೀರ್ಮಾನ. ಇದಕ್ಕೆ ಅದರ ಹೆಸರಿಡುವುದು ಶಾಸ್ತ್ರಕ್ಕೆ ಮಾಡುವ ಅಪಚಾರ.

ಬಾವಿ, ಕೆರೆ, ದೇವಾಲಯ, ಅನ್ನದಾನಗಳೊಡನೆ ತೋಪನ್ನು ಬೆಳೆಸುವುದೂ ಪೂರ್ತಧರ್ಮವೆಂದು ಹಿರಿಯರು ಎಣಿಸಿದರು. ತೋಪಿನ ನೆರಳಿಗೆ ಬಂದವನ ಕುಲಗೋತ್ರ ಕೇಳುವ ವಾಡಿಕೆಯಿಲ್ಲ. ಅಂಗಳದ ವೃಂದಾವನವನ್ನು ಊರಿನಲ್ಲಿ ಬಿಟ್ಟು ಬಂದು, ಬಾಲ್ಕನಿಯ ಕುಂಡದಲ್ಲಿ ತುಳಸಿಯನ್ನು ಪೂಜಿಸುವ ನಮಗೆ ಹಸಿರಿನ ಬಡತನ ಅಪರಿಚಿತವಲ್ಲ. ಮೀನಿನ ವಾಸನೆಯೆಂದು ನಮ್ಮಲ್ಲಿ ಅನೇಕರು ಕಾಸಿಮೇಡಿನತ್ತ ಕಾಲಿಡರು. ಅವರವರ ಮಡಿ ಅವರಿಗೆ. ಆದರೆ ನಮ್ಮ ಬಡಾವಣೆಗೆ ಎರಡನೆಯ ಉದ್ಯಾನ ಬೇಕೆಂದು ಪಾಲಿಕೆಗೆ ಬರೆದ ಅರ್ಜಿ ಸಹಿಗೆ ಬಂದಾಗ, ಮೊದಲನೆಯದೂ ಇಲ್ಲದ ಬೀದಿಗಳು ಯಾವುವೆಂದು ಕೇಳಲು ಯಾವ ಮಡಿಯೂ ಅಡ್ಡಬಾರದು.

ಶ್ರೀಕೃಷ್ಣಾರ್ಪಣಮಸ್ತು