ಹುರುಳಿಯ ಗುಣ ಮತ್ತು ಇಲಿಯ ಪ್ರಾಣ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಸುತ್ತಲಿನ ಜನ ಮಿಷನ್ ಆಸ್ಪತ್ರೆಯೆಂದೇ ಬಲ್ಲರು. 1950 ಮತ್ತು 1960ರ ದಶಕಗಳಲ್ಲಿ ಅಲ್ಲಿ ಫ್ರಾಂಕ್ ಟೋವಿ ಎಂಬ ಆಂಗ್ಲ ಶಸ್ತ್ರವೈದ್ಯರು ಸೇವೆ ಸಲ್ಲಿಸುತ್ತಿದ್ದರು. ಚಾಮರಾಜನಗರ, ಗುಂಡ್ಲುಪೇಟೆಗಳು ಆಗ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಅವು ಹೊಸ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಸಣ್ಣಕರುಳಿನ ಆರಂಭದಲ್ಲಾಗುವ ಹುಣ್ಣು ಅಂದಿನ ದಿನಗಳಲ್ಲಿ ಭೀಕರ ವ್ಯಾಧಿ. ಹುಣ್ಣು ತೂತಾದರೆ ಅಥವಾ ರಕ್ತ ಸುರಿಯತೊಡಗಿದರೆ ಶಸ್ತ್ರಚಿಕಿತ್ಸೆಯ ಹೊರತು ಹೆಚ್ಚಿನ ದಾರಿಯಿರಲಿಲ್ಲ. ಈ ರೋಗ ಕೆಲವು ಸೀಮೆಗಳಲ್ಲಿ ಅತಿಯಾಗಿಯೂ ಇನ್ನು ಕೆಲವೆಡೆ ಅಪರೂಪವಾಗಿಯೂ ಇರುವುದೇಕೆ ಎಂಬ ಪ್ರಶ್ನೆ ಟೋವಿಯವರನ್ನು ಬಿಡಲಿಲ್ಲ.

ಅವರು ವಿವಿಧ ಪ್ರಾಂತಗಳಿಂದ ಮಾಹಿತಿ ಕೂಡಿಸಿ, ಭಾರತ ಮತ್ತು ಬಾಂಗ್ಲಾದೇಶಗಳ ಹುಣ್ಣಿನ ವ್ಯಾಪ್ತಿಯನ್ನು ಕುರಿತ ಲೇಖನವನ್ನು 1979ರಲ್ಲಿ 'ಗಟ್' ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಕ್ಕಿಯನ್ನೇ ನೆಚ್ಚಿದ ದಕ್ಷಿಣ ಮತ್ತು ಪೂರ್ವ ಸೀಮೆಗಳಲ್ಲಿ ರೋಗ ಹೆಚ್ಚು. ಹೊಟ್ಟು ತೆಗೆಯದ ಗೋಧಿ, ಕೆಲವು ಕಿರುಧಾನ್ಯ ಹಾಗೂ ಕಾಳುಗಳನ್ನು ಉಣ್ಣುವಲ್ಲಿ ಕಡಿಮೆ. ಈ ಅರಿವು ದೊರೆತದ್ದು ರೋಗಿಗಳನ್ನು ಎಣಿಸಿ, ಊಟದ ತಟ್ಟೆಯನ್ನು ವಿಚಾರಿಸಿ. ಇಲ್ಲಿಯವರೆಗೆ ಯಾವ ಜೀವಿಗೂ ನೋವಾಗಿರಲಿಲ್ಲ.

ಜಿಜ್ಞಾಸೆ ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. 1980ರಲ್ಲಿ ಜಯರಾಜ್ ಮತ್ತು ಕ್ಲಾರ್ಕ್ ಅವರೊಡನೆ ಟೋವಿ ಪ್ರಕಟಿಸಿದ ಸಂಶೋಧನೆಯಲ್ಲಿ ಇಲಿಗಳಿಗೆ ಆಯಾ ಸೀಮೆಯ ಆಹಾರವನ್ನು ಉಣಿಸಿ, ಬಳಿಕ ಜಠರದ ಕೆಳಬಾಯಿಯನ್ನು ದಾರದಿಂದ ಬಿಗಿದು, ಹುಣ್ಣುಗಳಾದುವೇ ಎಂದು ಪರೀಕ್ಷಿಸಲಾಯಿತು. ರಕ್ಷಣೆ ನೀಡಿದ ಆಹಾರಗಳಲ್ಲಿ ಹುರುಳಿಯೂ ಒಂದು. ರಕ್ಷಕಾಂಶವಿರುವುದು ಕಾಳಿನ ಕೊಬ್ಬಿನ ಭಾಗದಲ್ಲಿ ಎಂದು ಅನಂತರದ ಪ್ರಯೋಗಗಳು ಸೂಚಿಸಿದವು. ಗುಂಡ್ಲುಪೇಟೆಯ ಬೆದ್ದಲಿನಲ್ಲಿ ಬೆಳೆದು, ದನಗಳಿಗೆ ಬೇಯಿಸಿಟ್ಟು, ಕಟ್ಟಿನ ಸಾರಾಗಿ ಮುದ್ದೆಯ ಜೊತೆಗಿಳಿಯುವ ಬಡವರ ಕಾಳು ಅದು. ಅದರ ಗುಣಕ್ಕೆ ಪ್ರಮಾಣ ದೊರೆತದ್ದು ಪಂಚೇಂದ್ರಿಯ ಜೀವಿಗಳ ಪ್ರಾಣವನ್ನು ತೆತ್ತು.

ಇದನ್ನು ಯಾವ ಹಿಂಸೆಯೆಂದು ಕರೆಯಬೇಕು? ಗೃಹಸ್ಥನಿಗೆ ಅನಿವಾರ್ಯವೆನಿಸಿದ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಶಾಸ್ತ್ರವು ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿದೆ. ಕಣಜದ ಇಲಿಯನ್ನು ಓಡಿಸುವ ರೈತನಿಗೆ ವಿರೋಧೀ ಹಿಂಸೆಯ ಸಮಾಧಾನವಾದರೂ ಉಂಟು. ಪ್ರಯೋಗಶಾಲೆಯ ಇಲಿ ಯಾರ ಕಣಜಕ್ಕೂ ನುಗ್ಗಿದ್ದಲ್ಲ. ಸಂಶೋಧಕನ ಮನಸ್ಸಿನಲ್ಲಿ ದ್ವೇಷವಿಲ್ಲ, ಕರುಣೆಯಿದೆ ಎಂಬ ವಾದ ಬಲವಾದದ್ದೇ. ಪ್ರಮತ್ತಯೋಗವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಆ ಸೂತ್ರಕ್ಕೆ 'ಸರ್ವಾರ್ಥಸಿದ್ಧಿ' ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು, ಎಚ್ಚರದಿಂದ ನಡೆಯುವ ಮುನಿಯ ಕಾಲಡಿಗೆ ಕೀಟ ಸಿಲುಕಿದರೂ ಬಂಧವಿಲ್ಲವೆಂಬ ಮಾತನ್ನು ಎತ್ತಿಕೊಂಡಿದ್ದಾರೆ. ಆದರೆ ಮುನಿ ಕೀಟವನ್ನು ಕಾಣಲಿಲ್ಲ. ಇಲ್ಲಿ ಗಂಟು ಬಿಗಿಯುವ ಕೈ ಇಲಿಯನ್ನು ಕಂಡೇ ಬಿಗಿಯುತ್ತದೆ. ಆ ದೃಷ್ಟಾಂತ ಈ ಕಾರ್ಯಕ್ಕೆ ಒದಗದು.

ಇದೇ ಪೂಜ್ಯಪಾದರ ನೆನಪು ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯೊಂದಿಗೆ ಬೆಸೆದಿದೆ. ಪರಂಪರೆ ಅವರನ್ನು ವೈದ್ಯಗ್ರಂಥಕಾರರೆಂದೂ ಗೌರವಿಸುತ್ತದೆ. ಅವರ ವೈದ್ಯವನ್ನು ಸ್ಮರಿಸುವ ಉಗ್ರಾದಿತ್ಯಾಚಾರ್ಯರು ಒಂಬತ್ತನೆಯ ಶತಮಾನದ ತಮ್ಮ 'ಕಲ್ಯಾಣಕಾರಕ'ದಲ್ಲಿ ಮದ್ಯ, ಮಾಂಸ, ಮಧುಗಳನ್ನು ಔಷಧಿಯಿಂದ ದೂರವಿಟ್ಟರು. ರೋಗಿಯ ಹಿತವೆಂಬ ಕಾರಣಕ್ಕೂ ಅವರು ಈ ನಿಯಮವನ್ನು ಸಡಿಲಿಸಲಿಲ್ಲ. ಆದರೂ ಅವರು ನಿಷೇಧಿಸಿದ್ದು ಔಷಧಿಯಲ್ಲಿ ಬೆರೆತ ಹಿಂಸೆಯನ್ನು. ಔಷಧಿಯ ಅರಿವಿನಲ್ಲೇ ಬೆರೆತ ಹಿಂಸೆಯ ಪ್ರಶ್ನೆ ಅವರೆದುರು ಈ ರೂಪದಲ್ಲಿ ಬಂದಿರಲಿಲ್ಲ. ಕೃತ, ಕಾರಿತ, ಅನುಮೋದನಗಳೆಂಬ ಮೂರರಲ್ಲಿ ಇಂದಿನ ಶ್ರಾವಕನ ಪಾಲು ಮೂರನೆಯದಕ್ಕೆ ಸೇರುತ್ತದೆ. ಮಾತ್ರೆಯನ್ನು ನುಂಗುವಾತ ಇಲಿಯನ್ನು ಕೊಂದಿಲ್ಲ, ಕೊಲ್ಲಿಸಿಯೂ ಇಲ್ಲ. ಹಾಗೆಂದು ಕೈತೊಳೆದುಕೊಳ್ಳುವುದು ಸುಲಭ, ಪ್ರಾಮಾಣಿಕವಲ್ಲ.

ಇನ್ನೊಂದು ದಾರಿಯೂ ಇತ್ತೆಂಬುದಕ್ಕೆ ಇದೇ ರೋಗದ ಚರಿತ್ರೆಯಲ್ಲಿ ಸಾಕ್ಷಿಯಿದೆ. ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಸಾಧಿಸಹೊರಟ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮೊದಲು ಹಂದಿಮರಿಗಳಿಗೆ ಸೋಂಕು ತಗುಲಿಸಲು ಯತ್ನಿಸಿ ಸೋತರು. 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು. ಜಠರದ ಉರಿಯೂತ ಅವರನ್ನು ಕಾಡಿತು. 2005ರ ನೊಬೆಲ್ ಪ್ರಶಸ್ತಿ ಅವರಿಗೂ ರಾಬಿನ್ ವಾರೆನ್ ಅವರಿಗೂ ಸಂದಿತು. ಎಲ್ಲ ವೈದ್ಯರಿಂದಲೂ ಇಂಥ ಸಾಹಸವನ್ನು ಬಯಸುವುದು ನ್ಯಾಯವಲ್ಲ, ಅದು ಸುರಕ್ಷಿತವೂ ಅಲ್ಲ. ಆದರೆ ಪ್ರಾಣಿಯಿಂದ ದೊರೆಯದ ಉತ್ತರ ಒಪ್ಪಿಗೆಯಿತ್ತ ಮನುಷ್ಯನಿಂದ ದೊರೆಯಿತೆಂಬುದು ನೆನಪಿಡಬೇಕಾದ ಸಂಗತಿ.

ಟೋವಿಯವರ ಕಾರ್ಯವನ್ನು ತೂಗುವಾಗ ಅದರ ಎರಡು ಘಟ್ಟಗಳನ್ನು ಬೇರೆಯಾಗಿಯೇ ನೋಡಬೇಕು. ಹುರುಳಿ, ಹೊಟ್ಟು ತೆಗೆಯದ ಧಾನ್ಯ ಉಣ್ಣಿರೆಂದು ಹೇಳಲು ಮೊದಲ ಘಟ್ಟವೇ ಬಹುಮಟ್ಟಿಗೆ ಸಾಕಿತ್ತು. ಕಾಳಿನ ಯಾವ ಅಂಶ ರಕ್ಷಕವೆಂದು ತಿಳಿಯಲು ಎರಡನೆಯದು ಬೇಕಾಯಿತು. ಆ ಹೆಚ್ಚುವರಿ ನಿಶ್ಚಯ ಮುಂದೆ ಔಷಧಿಗೆ ದಾರಿಯಾಗಬಹುದೆಂಬ ಆಸೆ ಹುಸಿಯಲ್ಲ. ಆದರೂ ಪ್ರಾಣದ ಬೆಲೆ ತೆತ್ತದ್ದು ಆ ನಿಶ್ಚಯಕ್ಕಾಗಿಯೇ ಹೊರತು ಇಡೀ ಜ್ಞಾನಕ್ಕಾಗಿ ಅಲ್ಲ.

ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಭಾರತದ ಕಾನೂನು, ಸಣ್ಣ ಪ್ರಾಣಿಗಳಿಂದ ಅದೇ ಫಲ ದೊರೆಯುವಲ್ಲಿ ದೊಡ್ಡ ಪ್ರಾಣಿಗಳನ್ನು ಬಳಸಬಾರದೆನ್ನುತ್ತದೆ; ಮೊಲ, ಕಪ್ಪೆಗಳೊಡನೆ ಇಲಿಯನ್ನೂ ಸಣ್ಣವುಗಳ ಸಾಲಿನಲ್ಲಿ ಹೆಸರಿಸುತ್ತದೆ. ಜೈನ ಆಗಮವೂ ಜೀವಿಗಳನ್ನು ವರ್ಗೀಕರಿಸಿದೆ. ಆದರೆ ಗಾತ್ರದಿಂದಲ್ಲ, ಇಂದ್ರಿಯಗಳಿಂದ. ಆ ವರ್ಗೀಕರಣದಲ್ಲಿ ಹುರುಳಿ ತಿನ್ನುವ ಎತ್ತೂ ಹುರುಳಿ ತಿಂದು ಮೇಜಿನ ಮೇಲೆ ಮಲಗಿದ ಇಲಿಯೂ ಒಂದೇ ಪಂಕ್ತಿಯಲ್ಲಿವೆ.