ನೆರೆಯವನ ಪಾಲೂ ನಮ್ಮ ಸಮಾಧಾನವೂ



ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಮುಂಜಾನೆಯಿಂದ ದುಡಿದವರು ಗೊತ್ತುಮಾಡಿದ ಕೂಲಿಯನ್ನೇ ಪಡೆದರು. ಆದರೂ ಸಂಜೆಗೆ ಬಂದವರ ಕೈಯಲ್ಲಿ ಅಷ್ಟೇ ಹಣವನ್ನು ಕಂಡ ಕೂಡಲೆ ಗುಣುಗುಟ್ಟಿದರು. ಮನುಷ್ಯನು ತನ್ನ ಪಾಲನ್ನು ನೆರೆಯವನ ಪಾಲಿನ ಸಂಗಡ ಇಟ್ಟು ಅಳೆಯುತ್ತಾನೆಂಬದು ಇದರಿಂದ ತಿಳಿಯಬರುತ್ತದೆ.

ಲೋಕದ ಪಂಡಿತರೂ ಇದನ್ನು ಶೋಧಿಸಿದ್ದಾರೆ. ಅಮೇರಿಕದಲ್ಲಿ ಬಡವರಿಗಿಂತ ಐಶ್ವರ್ಯವಂತರು ತಾವು ಸುಖಿಗಳೆಂದು ಹೆಚ್ಚಾಗಿ ಹೇಳಿದರೂ, ದೇಶದ ಸಂಪತ್ತು ಬೆಳೆದ ಹಾಗೆ ಜನರ ಸುಖವು ಬೆಳೆಯಲಿಲ್ಲವೆಂದು ರಿಚರ್ಡ್ ಈಸ್ಟರ್ಲಿನ್ ಎಂಬವರು 1974ರಲ್ಲಿ ತೋರಿಸಿದರು. ಶಿಗೆಹಿರೊ ಓಯಿಶಿ ಎಂಬವರೂ ಅವರ ಜತೆಗಾರರೂ ಅದೇ ದೇಶದ 1972ರಿಂದ 2008ರ ವರೆಗಿನ ಲೆಕ್ಕಗಳನ್ನು ನೋಡಿ, ವರಮಾನದ ಅಂತರವು ದೊಡ್ಡದಾಗಿದ್ದ ವರುಷಗಳಲ್ಲಿ ಕಡಿಮೆ ವರಮಾನದವರ ಸಂತೋಷವು ಕುಗ್ಗಿತ್ತೆಂದು 2011ರಲ್ಲಿ ತಿಳಿಸಿದರು. ಕಾರಣವೇನು? ಹಣದ ಕೊರತೆಗಿಂತಲೂ, ಜನರು ನ್ಯಾಯವಾಗಿ ನಡೆಯುವವರಲ್ಲ, ನಂಬತಕ್ಕವರಲ್ಲ ಎಂಬ ಭಾವವೇ.

ಆದರೆ ಎಲ್ಲಾ ದೇಶಗಳ ರೀತಿಯು ಒಂದೇ ಅಲ್ಲ. ಹತ್ತು ಮೆಟ್ಟಲುಗಳ ಏಣಿಯಲ್ಲಿ ನಿನ್ನ ಬಾಳು ಎಷ್ಟನೆಯ ಮೆಟ್ಟಲಲ್ಲಿದೆ ಎಂದು ದೇಶದೇಶಗಳ ಜನರನ್ನು ಕೇಳುವದುಂಟು. 2025ರ ಲೋಕಸಂತೋಷದ ವರದಿಯಲ್ಲಿ, ಅಂತರವು ಅಲ್ಪವಾಗಿರುವ ಫಿನ್‌ಲೆಂಡ್ ದೇಶವು ಮೊದಲನೆಯದು. ಅಂತರವು ಬಹು ದೊಡ್ಡದಾಗಿರುವ ಕೋಸ್ಟರೀಕವು ಆರನೆಯದು. ಅಲ್ಲಿಯ ಕುಟುಂಬಗಳ ಅನ್ಯೋನ್ಯತೆಯು ಇದಕ್ಕೆ ಒಂದು ಕಾರಣವೆನ್ನುತ್ತಾರೆ. ಹಾಗಾದರೆ ಒಬ್ಬರನ್ನೊಬ್ಬರು ನಂಬಿ ಕೂಡಿ ಬಾಳುವದು ದೊಡ್ಡ ಐಶ್ವರ್ಯವಲ್ಲವೇ?

ಹೀಗಿರಲಾಗಿ ನಾವು ಮಾಡತಕ್ಕದ್ದೇನು? ಬಡವನಿಗೆ, ಹೊಟ್ಟೇಕಿಚ್ಚು ಪಡಬೇಡವೆಂದು ಬೋಧಿಸಿ ಸುಮ್ಮನಿರುವದು ಸಾಲದು. ಅನ್ಯಾಯವನ್ನು ಕಂಡು ನೊಂದವನೆಲ್ಲಾ ಅಸೂಯೆಗಾರನಲ್ಲ. ನಾಬೋತನ ತೋಟವನ್ನು ಆಶಿಸಿದವನು ಬಡವನೋ? ಅರಮನೆಯುಳ್ಳ ಅಹಾಬನೇ.

ಆದದರಿಂದ ನಮ್ಮಲ್ಲಿ ಗದ್ದೆತೋಟಗಳುಳ್ಳವರು ಆಳಿನ ಕೂಲಿಯನ್ನು ಆ ದಿನವೇ ಕೊಡಲಿ. ಒಂದೇ ಕೆಲಸಕ್ಕೆ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಇರಲಿ. ಮದುವೆಯ ಡಂಭದಿಂದ ನೆರೆಯವನನ್ನು ಸಾಲಕ್ಕೆ ಎಳೆಯದಿರೋಣ. ಸಭೆಯ ಹಣದ ಲೆಕ್ಕವನ್ನು ಎಲ್ಲರ ಮುಂದೆ ಓದೋಣ. ಹರಕು ಬಟ್ಟೆಯವನು ಆರಾಧನೆಗೆ ಬಂದರೆ ಹಿಂದಿನ ಮೂಲೆಯನ್ನು ತೋರಿಸದಿರೋಣ. ಇಲ್ಲದವರೂ, ಉಳ್ಳವರ ಬಾಗಲನ್ನು ನೋಡುತ್ತಾ ತಮ್ಮ ಒಲೆಯ ಸಂತೋಷವನ್ನು ಕಳಕೊಳ್ಳದಿರಲಿ.

ಕರ್ತನ ಮೇಜಿನಲ್ಲಿ ಒಡೆಯನಿಗೂ ಆಳಿಗೂ ದೊರಕುವ ರೊಟ್ಟಿಯ ತುಂಡು ಒಂದೇ ಅಳತೆಯದು. ಆ ಮೇಜಿನಿಂದ ಎದ್ದು ಹೊಲಕ್ಕೂ ಸಂತೆಗೂ ಹೋಗುವಾಗ ನಮ್ಮ ಅಳತೆಯೂ ನ್ಯಾಯವುಳ್ಳದ್ದಾಗಿರುವಂತೆ ಕರ್ತನು ನಮಗೆ ಕೃಪೆಮಾಡಲಿ. ಆಮೆನ್.